ಕೆಳಗಿನ ಹದಿಮೂರನೇ ಕಂಬ

ದೊಡ್ಡ ಕಟ್ಟಡಗಳಲ್ಲಿ ಮೂರು ದಿನದ ಪ್ರದರ್ಶನಗಳಿಗೆ ವೈಫೈ ಕಟ್ಟಿ, ನಾಲ್ಕನೇ ದಿನ ಬಿಚ್ಚಿಕೊಂಡು ಹೋಗುವುದು ನಮ್ಮ ಕೆಲಸ. ನಮ್ಮ ಎಂದರೆ ಅಣ್ಣನದು ಮತ್ತು ನನ್ನದು. ಕಂಬಗಳಿಗೆ ಬಿಳಿ ಪೆಟ್ಟಿಗೆ ಬಿಗಿದು, ವೈರು ಎಳೆದಾದ ಮೇಲೆ ಎಲ್ಲೆಲ್ಲಿ ಎಷ್ಟು ಸಿಗ್ನಲ್ ಸಿಗುತ್ತದೆ ಎಂದು ಒಬ್ಬರು ಕಟ್ಟಡವೆಲ್ಲ ನಡೆದು ನೋಡಬೇಕು. ಅಣ್ಣ ನಡೆಯುವವನು, ನಾನು ಮೇಲೆ ಮೇಜಿನ ಮುಂದೆ ಕೂರುವವಳು. ಅವನು ಫೋನಿನಲ್ಲಿ "ಆರನೇ ಕಂಬ, ಮೂರು ಕಡ್ಡಿ" ಎನ್ನುತ್ತಿದ್ದ, ನಾನು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಈಗ ಅಣ್ಣನಿಲ್ಲ. ನಾಲ್ಕು ತಿಂಗಳ ಹಿಂದೆ, ಇವತ್ತು ನಾನು ಮತ್ತೆ ಕೆಲಸಕ್ಕೆ ಬಂದಿರುವ ಇದೇ ಕಟ್ಟಡದ ನೆಲಮಾಳಿಗೆಯಲ್ಲಿ, ಹದಿಮೂರನೇ ಕಂಬದ ಬುಡದಲ್ಲಿ, ಎದೆನೋವು ಬಂದು ಕುಸಿದ. "ಒಂದೇ ಕ್ಷಣ ಅಷ್ಟೇ, ನೋವೂ ಗೊತ್ತಾಗಿರಲ್ಲ" ಎಂದರು ವೈದ್ಯರು. ಅತ್ತಿಗೆ ಆ ಒಂದು ಮಾತನ್ನು ಹಿಡಿದುಕೊಂಡೇ ಬದುಕಿದ್ದಾರೆ. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ. ಅವರು ಹೇಳಲು ಶುರುಮಾಡಿದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಯಾಕೆಂದು ಹೇಳಬೇಕಾದರೆ ನನ್ನ ಕೋಪದ ಕಥೆ ಹೇಳಬೇಕು. ಅದು ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಅಣ್ಣನಿಗೋ, ನನ್ನ ಕಾಲೆಳೆಯದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಅವನು ರೇಗಿಸಿದಾಗಲೆಲ್ಲ ನಾನು ಅವನ ಫೋನನ್ನು ನೆಟ್‌ವರ್ಕಿಗೆ ಸೇರದಂತೆ ತಡೆದುಬಿಡುತ್ತಿದ್ದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಹತ್ತು ನಿಮಿಷ ಒದ್ದಾಡಿ, ಮೆಟ್ಟಿಲು ಹತ್ತಿ ಬಂದು, ಎಲ್ಲರೆದುರು ಕೈಮುಗಿದು "ತಾಯಿ, ತಪ್ಪಾಯ್ತು, ಒಳಗೆ ಬಿಡು" ಎನ್ನುವನು. ಬಿಡುತ್ತಿದ್ದೆ.

ಆ ದಿನ ಪ್ರದರ್ಶನದವರ ಮುಂದೆ "ನಮ್ಮ ತಂಗಿ ಪೆಟ್ಟಿಗೇನ ಗೋಡೆಗೆ ಮುಖ ಮಾಡಿ ಕಟ್ತಾಳೆ, ಪಾಪ, ಗೋಡೆಗೂ ವೈಫೈ ಬೇಕಲ್ಲ" ಎಂದುಬಿಟ್ಟ. ಎಲ್ಲರೂ ನಕ್ಕರು. ನನ್ನ ಮೈ ಉರಿದುಹೋಯಿತು. ಅವನು ಕೆಳಗೆ ಇಳಿದ ಮೇಲೆ ಅವನ ಫೋನನ್ನು ತಡೆದೆ. ಆ ನೆಲಮಾಳಿಗೆಗೆ ಬೇರೆ ಯಾವ ಸಿಗ್ನಲ್ಲೂ ಇಳಿಯುವುದಿಲ್ಲ, ನಮ್ಮ ವೈಫೈ ಇದ್ದರಷ್ಟೇ ಮಾತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅವನ ಫೋನು ಒಳಗೆ ಬರಲು ನೋಡಿತು. ನನ್ನ ಮುಂದಿನ ಪರದೆಯ ಮೇಲೆ 'ನಿರಾಕರಿಸಲಾಗಿದೆ' ಎಂದು ಬಿತ್ತು. ಮತ್ತೆ ಬಂತು, ಮತ್ತೆ ಬಿತ್ತು. ಇನ್ನಷ್ಟು ಬಾಗಿಲು ತಟ್ಟಲಿ ಎಂದುಕೊಂಡು ಟೀ ಕುಡಿಯುತ್ತಾ ಕೂತೆ. ಹದಿನಾಲ್ಕು ಸಲ ತಟ್ಟಿದ. ಕೊನೆಯದು ನಾಲ್ಕು ಇಪ್ಪತ್ತೆರಡಕ್ಕೆ. ಮತ್ತೆ ತಟ್ಟಲಿಲ್ಲ. ಸೋತು ಮೇಲೆ ಬರುತ್ತಿದ್ದಾನೆ ಎಂದು ಮೆಟ್ಟಿಲ ಕಡೆ ನೋಡಿ, ಬೇಕೆಂದೇ ಮುಖ ಊದಿಸಿಕೊಂಡೆ.

ಕರೆಂಟು ಕೆಲಸದವರು ಅವನನ್ನು ನೋಡಿ ಮೇಲೆ ಹೊತ್ತು ತಂದದ್ದು ನಾಲ್ಕೂ ಮುಕ್ಕಾಲಿಗೆ. ಅವನು ಬಾಗಿಲು ತಟ್ಟಿದ ಆ ಹನ್ನೆರಡು ನಿಮಿಷದ ಲೆಕ್ಕ ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಮನೇಲಿ ಕೂತ್ರೆ ತಲೆ ಕೆಡುತ್ತೆ, ನಾನೇ ನಡೀತೀನಿ" ಎಂದು ಅತ್ತಿಗೆ ಈ ಸಲ ನನ್ನ ಜೊತೆ ಬಂದರು. ಚೀಲದಿಂದ ಎರಡು ಫೋನು ತೆಗೆದರು. ಒಂದು ಅವರದು. ಇನ್ನೊಂದು ಅಣ್ಣನದು. ಅವನ ಜೊತೆಗೇ ಬಿದ್ದು, ಒಡೆದು, ಆರಿಹೋಗಿದ್ದ ಫೋನು. ಹೋದ ವಾರ ರಿಪೇರಿ ಮಾಡಿಸಿದ್ದರಂತೆ. ಸಿಮ್ ಬಂದ್ ಆಗಿದೆ, ಮನೆಯಲ್ಲಿ ವೈಫೈ ಇಲ್ಲ, ಇಲ್ಲಿನದಕ್ಕಾದರೂ ಸೇರೀತು ಎಂದು ತಂದಿದ್ದರು.

ಅತ್ತಿಗೆ ಕೆಳಗಿಳಿದರು. ತಮ್ಮ ಫೋನಿನಿಂದ ಒಂದೊಂದೇ ಕಂಬ ಹೇಳುತ್ತಾ ಹೋದರು. ಹದಿಮೂರಕ್ಕೆ ಬಂದು ನಿಂತರು.

"ನನ್ನದಕ್ಕೆ ನಾಲ್ಕು ಕಡ್ಡಿ ಬರ್ತಿದೆ. ಇವರದು ಮಾತ್ರ ಸೇರ್ತಾನೇ ಇಲ್ಲ ನೋಡು."

ಪರದೆಯ ಮೇಲೆ ಅಣ್ಣನ ಹೆಸರು, ಪಕ್ಕದಲ್ಲಿ ಅದೇ 'ನಿರಾಕರಿಸಲಾಗಿದೆ'. ಹದಿನೈದನೇ ಸಲ. ನಾಲ್ಕು ತಿಂಗಳಲ್ಲಿ ಆ ತಡೆ ತೆಗೆಯುವ ಧೈರ್ಯ ನನಗೆ ಬಂದಿರಲಿಲ್ಲ.

"ಹಳೇ ಫೋನಲ್ವಾ ಅತ್ತಿಗೆ, ಬಿಡಿ."

"ಒಂದು ಸಲ ನೋಡೇ. ಅವರ ಹೆಸರು ನಿನ್ನ ಪಟ್ಟೀಲಿ ಒಂದು ಸಲ ಬರಲಿ ಅಂತ, ಅಷ್ಟೇ."

ಗುಂಡಿ ಒತ್ತಿದೆ. ಯಾರಿಗೂ ತಿಳಿಯದೆ ಮುಗಿಯಿತು ಎಂದುಕೊಂಡೆ, ನನ್ನಂಥ ಹೇಡಿಗೆ ಅಷ್ಟೇ ಹೊಳೆಯುವುದು.

"ಬಂತು ಬಂತು" ಎಂದರು ಅತ್ತಿಗೆ. ಅವರ ದನಿಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ. ಅಷ್ಟರಲ್ಲಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದ ನನ್ನ ಫೋನು ನಡುಗಿತು. ನಾಲ್ಕು ತಿಂಗಳಿಂದ ಅಣ್ಣನ ಫೋನಿನಲ್ಲೇ ಉಳಿದಿದ್ದ ಸಂದೇಶ ಹೊರಟು ಬಂದಿತ್ತು.

'ಎದೆ ಹಿಡ್ಕೊಂಡಿದೆ ಕಣೇ. ಆಟ ಸಾಕು. ಕೆಳಗೆ ಬಾ.'

"ಇದರಿಂದ ಏನೋ ಹೋಯ್ತಲ್ಲ, ನಿನಗೆ. ಏನದು?"

ಹಳೇದೇನೋ ಅತ್ತಿಗೆ ಎಂದರೆ ಸಾಕಿತ್ತು. ಅವರು ನನ್ನ ಮಾತು ನಂಬುತ್ತಿದ್ದರು, ಫೋನನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾಲಿಗೆಯ ತುದಿಗೆ ಬಂದ ಆ ಸುಳ್ಳು ಹೊರಗೆ ಬರಲಿಲ್ಲ.

"ತೆಗೆದು ಓದಿ, ಅತ್ತಿಗೆ. ಅವತ್ತು ಅವನ ಫೋನನ್ನ ನಾನೇ ತಡೆದಿದ್ದೆ. ಸಿಟ್ಟಿಗೆ. ಅವನು ಕರೀತಾನೇ ಇದ್ದ, ನಾನು ನೋಡ್ತಾನೇ ಇದ್ದೆ. ಆಟ ಅಂದ್ಕೊಂಡಿದ್ದೆ."

ಅವರು ಸಂದೇಶ ತೆರೆದು ಒಂದೊಂದೇ ಪದ ಮೆಲ್ಲಗೆ ಓದಿಕೊಂಡರು.

"ಒಂದೇ ಕ್ಷಣ ಅಲ್ಲ ಹಾಗಾದ್ರೆ" ಎಂದರು.

"ಅಲ್ಲ."

"ಎಷ್ಟು ಹೊತ್ತು?"

"ಹನ್ನೆರಡು ನಿಮಿಷ."

ಬೈಯಲಿ ಎಂದು ಕಾದೆ. ಬೈದಿದ್ದರೆ ನನ್ನ ಪುಣ್ಯ. ಅವರು ಬೈಯಲಿಲ್ಲ.

"ಕೆಳಗೆ ಬಾ" ಎಂದರು.

ನಕ್ಷೆ, ಮೇಜು ಎಲ್ಲ ಹಾಗೇ ಬಿಟ್ಟು ಓಡಿದೆ. ಹನ್ನೊಂದು ವರ್ಷದಲ್ಲಿ ನಾನು ಯಾವ ಕಟ್ಟಡದಲ್ಲೂ ಕೆಳಗೆ ಇಳಿದವಳಲ್ಲ, ಅಣ್ಣನೇ ಹತ್ತಿ ಬರುತ್ತಿದ್ದ. ಮೆಟ್ಟಿಲು ಇದ್ದದ್ದು ಬರೀ ಇಪ್ಪತ್ತೆರಡು.