ಆಳು ನೀರಿಗೆ

ನೇತ್ರಾಳ ಬೆರಳುಗಳನ್ನು ಫೋನು ಗುರುತಿಸುತ್ತಿರಲಿಲ್ಲ.

ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಅವಳು ಹೊನ್ನಾವರದ ಕಾಸರಕೋಡಿನ ಐಸ್ ಫ್ಯಾಕ್ಟರಿಯಲ್ಲಿ ಐಸ್ ಎಳೆಯುತ್ತಿದ್ದಳು. ತನಗಿಂತ ಭಾರದ ಗಡ್ಡೆಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಜಾರುವ ನೆಲದ ಮೇಲೆ ಎಳೆದು ತಂದು, ಪುಡಿ ಮಾಡುವ ಯಂತ್ರದ ಬಾಯಿಗೆ ನೂಕಬೇಕು. ರಬ್ಬರಿನ ಕೈಗವಸು ಹರಿದು ಎರಡು ವರ್ಷವಾಗಿತ್ತು. ಮನೆಗೆ ಬಂದಾಗ ಬೆರಳ ತುದಿಗಳು ಸತ್ತಂತಿರುತ್ತಿದ್ದವು. ಫೋನಿನ ಗಾಜು ಒತ್ತಿದರೆ ಅಲ್ಲಿ ಬೆರಳೇ ಇಲ್ಲವೇನೋ ಎಂಬಂತೆ ಸುಮ್ಮನಿರುತ್ತಿತ್ತು. ಅವಳು ಒಲೆಯ ಮುಂದೆ ಕೂತು ಕೈ ಕಾಸುತ್ತಿದ್ದಳು.

"ಅನ್ನಕ್ಕಾದ್ರೂ ಕೈ ಇಷ್ಟು ಕಾಸ್ತ್ಯನೇ? ಆಟಕ್ಕೆ ಮಾತ್ರ ಕಾಸ್ತ್ಯ," ಎಂದು ತಾಯಿ ನಾಗಿ ಗೊಣಗುತ್ತಿದ್ದಳು. ಅದೇ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ ದುಡಿದು ಬೆನ್ನು ಹೋದ ಮೇಲೆ ನಾಗಿ ಮನೆಯಲ್ಲಿ ಕೂತಿದ್ದಳು. ಅವಳ ಜಾಗಕ್ಕೆ ಮಗಳು ಹೋದಳು. ಹಾಜರಿ ಪುಸ್ತಕದಲ್ಲಿ ಈಗಲೂ ನೇತ್ರಾ ಎಂದು ಬರೆದಿಲ್ಲ. 'ನಾಗಿ ಮಗಳು' ಎಂದೇ ಇದೆ.

ಜೂನ್, ಜುಲೈ ಎರಡು ತಿಂಗಳು ಸರಕಾರದ ನಿಷೇಧ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಆಳುಗಳಿಗೆ ಕೆಲಸವಿಲ್ಲ, ಸಣ್ಣ ದೋಣಿಗಳಿಗೆಂದು ಐಸ್ ಫ್ಯಾಕ್ಟರಿ ಮಾತ್ರ ನಡೆಯುತ್ತಿತ್ತು. ದಡಕ್ಕೆಳೆದ ಬೋಟಿನ ಪಕ್ಕ ಟಾರ್ಪಾಲು ಕಟ್ಟಿಕೊಂಡು ನಾಲ್ವರು ಫೋನು ಹಿಡಿದು ಕೂತಿರುತ್ತಿದ್ದರು. ನೇತ್ರಾ, ಅವಳ ಅಣ್ಣ ದೇವರಾಜ, ಪಕ್ಕದ ಮನೆಯ ದಿವಾಕರ, ಮತ್ತು ನಾಗಿಯ ತಮ್ಮ ರಮಾನಂದ. ರಮಾನಂದನಿಗೆ ನಲವತ್ತೈದು. ಅವನೇ ಆ ಬೋಟಿನ ತಾಂಡೇಲ. ಚುಕ್ಕಾಣಿ ಅವನದು, ಕಡಲಲ್ಲಿ ಮಾತು ಅವನದು. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಅವನು ಫೋನು ಹಿಡಿದರೆ ದಾರಿಯಲ್ಲಿ ಹೋಗುವವರು ನಗುತ್ತಿದ್ದರು.

ಆಟ ಬಂದೂಕಿನದು. ನಾಲ್ಕು ನಾಲ್ಕು ಜನರ ತಂಡಗಳು ಒಂದು ದ್ವೀಪಕ್ಕೆ ಇಳಿಯುತ್ತವೆ. ಕೊನೆಗೆ ಉಳಿದ ತಂಡ ಗೆದ್ದಂತೆ. ಗುಂಡು ತಿಂದವನು ಕೂಡಲೇ ಸಾಯುವುದಿಲ್ಲ, ಸ್ವಲ್ಪ ಹೊತ್ತು ನೆಲದಲ್ಲಿ ತೆವಳುತ್ತಾನೆ. ಅಷ್ಟರೊಳಗೆ ಜೊತೆಯವನು ಬಂದು ಹಿಡಿದರೆ ಎದ್ದು ನಿಲ್ಲುತ್ತಾನೆ.

"ಎಡಕ್ಕೆ ಇಬ್ರು. ದಿವಾಕರಾ, ಬಲೆ ಬಿಡು. ಸುತ್ತು, ಸುತ್ತು. ನೇತ್ರಾ, ಎಳಿ ಈಗ!"

ರಮಾನಂದ ಕೂಗಿದಂತೆ ಮೂವರೂ ಆಡುತ್ತಿದ್ದರು. ಬೋಟಿನಲ್ಲಿ ಹಾಗೇ ಅಭ್ಯಾಸ. ಒಬ್ಬ ಹೇಳುವುದು, ಉಳಿದವರು ಬಾಯಿ ಮುಚ್ಚಿಕೊಂಡು ಮಾಡುವುದು.

ಆ ಬೋಟು ಗುರುದತ್ತನದು. ಐಸ್ ಫ್ಯಾಕ್ಟರಿಯೂ ಅವನದೇ. ಆ ವರ್ಷ ಜೂನಿನಲ್ಲಿ ಫ್ಯಾಕ್ಟರಿಯ ಮಾಳಿಗೆಯ ಮೇಲೆ ಅವನೊಂದು ಗೇಮಿಂಗ್ ಅಕಾಡೆಮಿಯನ್ನೂ ತೆರೆದ. ಮಗ ಸಂದೇಶನಿಗೆ ಅದರ ಹುಚ್ಚು.

"ಆ ಟಾರ್ಪಾಲಿನ ಕೆಳಗೆ ಎಂತ ಆಟ ಮಾರಾಯ್ರೆ? ಮೇಲೆ ಬನ್ನಿ. ವೈಫೈ ಉಂಟು, ಫ್ಯಾನ್ ಉಂಟು. ಸಂದೇಶ ಕಲಿಸ್ತಾನೆ," ಎಂದ ಗುರುದತ್ತ. "ಜುಲೈ ಕೊನೆಗೆ ಕುಮಟೆಯಲ್ಲಿ ದೊಡ್ಡ ಸ್ಪರ್ಧೆ. ಗೆದ್ದು ಅಲ್ಲಿಗೆ ಹೋದ್ರೆ ನಿಮ್ಮ ಹೆಸರು ಹಿಡಿದು ಸ್ಟೇಜಿಗೆ ಕರೀತಾರೆ."

ಹೆಸರು ಹಿಡಿದು ಕರೆಯುತ್ತಾರೆ! ಆ ರಾತ್ರಿ ನೇತ್ರಾ ಅದನ್ನೇ ನೆನೆದು ಮಲಗಿದಳು.

ಅಕಾಡೆಮಿಗೆ ಒಂದು ನಿಯಮವಿತ್ತು. ಆಟಗಾರರ ಐಡಿಗಳನ್ನೆಲ್ಲ, ಅಂದರೆ ಆಟದೊಳಗಿನ ಅವರ ಖಾತೆಗಳನ್ನೆಲ್ಲ, ಅಕಾಡೆಮಿಯ ಫೋನ್ ನಂಬರಿಗೆ ಜೋಡಿಸಬೇಕು. ನಾಲ್ವರೂ ಜೋಡಿಸಿದರು. ಮಾಲಕರಿಗೆ ಇಲ್ಲವೆನ್ನುವುದು ಹೇಗೆ? ತಂಡಕ್ಕೆ ಹೆಸರೂ ಅವರೇ ಇಟ್ಟರು. ಸಂದೇಶನದು 'ಎ' ಟೀಮು, ಇವರದು 'ಬಿ'.

ಕಲಿಸುವುದೆಂದರೇನೆಂದು ಮೊದಲ ದಿನವೇ ತಿಳಿಯಿತು. ಎ ಟೀಮಿಗೆ ಗುಂಡು ಹೊಡೆದು ಕೈ ಪಳಗಿಸಲು ಗುರಿ ಬೇಕಿತ್ತು. ಆ ಗುರಿ ಇವರು. ದಿನಕ್ಕೆ ಎಂಟು ಆಟ, ಎಂಟು ಸೋಲು. ಹೆಡ್‌ಫೋನಿನಲ್ಲಿ ಸಂದೇಶನ ದನಿ ಕಿವಿಗೇ ಬಡಿಯುತ್ತಿತ್ತು.

"ಏ ಬಂಗಡೆ, ಬಾ ಈಚೆ. ಫೋನಿನಲ್ಲೂ ನಾರ್ತೀರಲ್ಲೋ! ಆ ಹುಡುಗೀನ ಮೊದಲು ಹೊಡೀರಿ, ಕೂಗೂದು ಕೇಳಬೇಕು."

ಸೋತವರಿಗೆ ಶಿಕ್ಷೆಯೂ ಇತ್ತು. ಕೆಳಗಿನಿಂದ ಬಕೆಟಿನಲ್ಲಿ ಐಸ್ ಬರುತ್ತಿತ್ತು. ಮುಂದಿನ ಆಟ ಶುರುವಾಗುವವರೆಗೆ ಎರಡೂ ಮುಷ್ಟಿಯಲ್ಲಿ ಐಸಿನ ತುಂಡು ಹಿಡಿದು ನಿಲ್ಲಬೇಕು. ಬಿಟ್ಟರೆ ಕೆನ್ನೆಗೆ ಏಟು. ಹಾಗೆ ಮರಗಟ್ಟಿದ ಬೆರಳಲ್ಲಿ ಆಡಿದರೆ ಮತ್ತೆ ಸೋಲು, ಮತ್ತೆ ಐಸು. ಒಂದು ದಿನ ದಿವಾಕರನ ಕೈಯಿಂದ ತುಂಡು ಜಾರಿತು. ಸಂದೇಶ ಅವನ ಕೆನ್ನೆಗೆ ಬಾರಿಸಿದ ಹೊಡೆತಕ್ಕೆ ತುಟಿ ಒಡೆದು ರಕ್ತ ಅಂಗಿಗೆ ಇಳಿಯಿತು. ರಮಾನಂದ ಎದ್ದ. ಬಾಗಿಲಲ್ಲಿ ಲೋಡರ್ ಭಾಸ್ಕರ ನಿಂತಿದ್ದ. ಕೆಳಗೆ ಇವರ ಜೊತೆಗೇ ಕೂತು ಗಂಜಿ ಉಣ್ಣುವವನು. ಈಗ ಅವನ ಕೈಯಲ್ಲಿ ದೊಣ್ಣೆ ಇತ್ತು.

"ಕೂತ್ಕೋ ರಮಾನಂದಣ್ಣ," ಎಂದ ಭಾಸ್ಕರ, ಮುಖ ನೋಡದೆ. "ಎಂತಕ್ಕೆ ಸುಮ್ನೆ. ಆಗಸ್ಟಿಗೆ ಬೋಟು ಬಿಡೂಕಿಲ್ವಾ?"

ರಮಾನಂದ ಕೂತ.

ನೇತ್ರಾ ಮಾತ್ರ ಐಸ್ ಹಿಡಿದು ಅಲುಗದೆ ನಿಲ್ಲುತ್ತಿದ್ದಳು. ಅದು ಅವಳಿಗೆ ದಿನದ ಕೆಲಸ. ತುಂಡು ಕರಗಿ ಮೊಣಕೈಯಿಂದ ತೊಟ್ಟಿಕ್ಕುವವರೆಗೂ ಅವಳು ಸಂದೇಶನ ಬೆರಳುಗಳನ್ನೇ ನೋಡುತ್ತಿದ್ದಳು. ಅವನು ಎಲ್ಲಿ ಒತ್ತುತ್ತಾನೆ, ಯಾವಾಗ ಅಡಗುತ್ತಾನೆ, ಯಾವ ಕಿಟಕಿಯಿಂದ ಗುಂಡು ಬರುತ್ತದೆ ಎಂಬುದನ್ನೆಲ್ಲ ಹಾಗೆ ನಿಂತೇ ಕಲಿತಳು.

ಆದರೂ ಸೋಲುತ್ತಿದ್ದರು. ಕಾರಣ ಒಂದೇ. ಇವರಲ್ಲಿ ಒಬ್ಬ ಬಿದ್ದರೆ ಉಳಿದ ಮೂವರೂ ಅವನತ್ತ ಓಡುತ್ತಿದ್ದರು. ಆಟ ಬಲ್ಲವರು ಹಾಗೆ ಮಾಡುವುದಿಲ್ಲ. ಬಿದ್ದವನನ್ನು ಬಿಟ್ಟು ಮುಂದೆ ಹೋಗುತ್ತಾರೆ. ಸಂದೇಶ ಇದನ್ನು ಕಂಡುಕೊಂಡಿದ್ದ. ಒಬ್ಬನನ್ನು ಕೆಡವುವುದು, ಕೊಲ್ಲದೆ ತೆವಳಲು ಬಿಡುವುದು, ಓಡಿಬಂದ ಮೂವರನ್ನೂ ಅಲ್ಲೇ ಸುಡುವುದು.

"ಬಿದ್ದವನನ್ನ ಬಿಡ್ರೋ ದಡ್ಡರೇ! ಇದೇನು ನಿಮ್ಮ ಬೋಟಾ?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬಿಡುವುದು ಇವರಿಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ನೇತ್ರಾಣಿ ದ್ವೀಪದ ಆಚೆ ದೇವರಾಜ ಕಾಲು ಜಾರಿ ಕಡಲಿಗೆ ಬಿದ್ದಿದ್ದ. "ಆಳು ನೀರಿಗೆ!" ಎಂಬ ಕೂಗು ಬಿದ್ದೊಡನೆ ರಮಾನಂದ ಮೀನು ತುಂಬಿದ್ದ ಬಲೆಯನ್ನೇ ಕಡಿಸಿ ಬೋಟು ತಿರುಗಿಸಿದ್ದ. ಸುತ್ತಲಿನ ಆರು ಬೋಟುಗಳೂ ಬಲೆ ಬಿಟ್ಟು ತಿರುಗಿ ಬಂದಿದ್ದವು. ಆ ಕೂಗು ಕೇಳಿದ ಮೇಲೆ ತಿರುಗದವನಿಗೆ ಈ ಕರಾವಳಿಯ ಯಾವ ದಡದಲ್ಲೂ ಒಂದು ಲೋಟ ನೀರು ಹುಟ್ಟುವುದಿಲ್ಲ. ದಡಕ್ಕೆ ಬಂದಾಗ ಗುರುದತ್ತ ಕೇಳಿದ ಮೊದಲ ಮಾತು, "ಬಲೆ ಎಲ್ಲಿ?"

ಒಂದು ಮಧ್ಯಾಹ್ನ ಟಾರ್ಪಾಲಿನ ಕೆಳಗೆ ರಮಾನಂದ ಬೀಡಿ ಎಸೆದು ಎದ್ದು ಕೂತ.

"ನಾವು ತಿರುಗೂದು ತಪ್ಪಲ್ಲ ಮಕ್ಳೆ. ತಿರುಗೂ ರೀತಿ ತಪ್ಪು. ಆಳು ಬಿದ್ರೆ ಬೋಟು ನೆಟ್ಟಗೆ ಅವನ ಮೇಲೇ ಬಿಡ್ತ್ವಾ? ಬೋಟಿನ ಅಡಿ ಫ್ಯಾನಿಗೆ ಸಿಕ್ಕಿ ತುಂಡಾತ. ಸುತ್ತು ಹಾಕ್ತ್ವು. ಗಾಳಿ ನೋಡ್ತ್ವು. ಅಲೆಗೆ ಬೋಟು ಅಡ್ಡ ಹಿಡಿದು ಆಮೇಲೆ ಹಗ್ಗ ಬಿಡೂದು."

"ಅಂದ್ರೆ?" ಎಂದ ದಿವಾಕರ.

"ಅಂದ್ರೆ ಇಬ್ರು ಸುತ್ತು ಹಾಕಿ ಸಂದೇಶ ಕೂತ ಕಿಟಕಿ ಹಿಂದೆ ಹೋಗೂದು. ಒಬ್ರು ಹೊಗೆ ಬಾಂಬು ಹಾಕಿ ಅಡ್ಡ ನಿಲ್ಲೂದು. ಬಿದ್ದಂವ ತೆವಳ್ತಾ ಇರ್ಲಿ. ಸಂದೇಶ ಅವನನ್ನೇ ನೋಡ್ತಾ ಕೂತಿರ್ತ."

ಹದಿನೈದು ದಿನ ಇದನ್ನೇ ಆಡಿದರು. ಅಕಾಡೆಮಿಯಲ್ಲಲ್ಲ, ಟಾರ್ಪಾಲಿನ ಕೆಳಗೆ. ಮಾಳಿಗೆಯಲ್ಲಿ ಮೊದಲಿನಂತೆ ಸೋತು ಐಸ್ ಹಿಡಿದರು.

ಹೊನ್ನಾವರದ ಆಯ್ಕೆ ಸುತ್ತಿನಲ್ಲಿ ಹದಿನಾರು ತಂಡಗಳಿದ್ದವು. ಒಂದೇ ತಂಡಕ್ಕೆ ಕುಮಟೆಯ ದಾರಿ. ಕೊನೆಗೆ ಎ ಮತ್ತು ಬಿ ಉಳಿದವು. ಸಂದೇಶ ಎಂದಿನಂತೆ ದೇವರಾಜನನ್ನು ಕೆಡವಿ, ತೆವಳಲು ಬಿಟ್ಟು, ಕಾದು ಕೂತ. ಹೊಗೆ ಎದ್ದಿತು. ಅವನು ಹೊಗೆಗೇ ಗುಂಡು ಸುರಿದ. ನೇತ್ರಾ ಹಿಂದಿನ ಬಾಗಿಲಿನಿಂದ ಬಂದು ಅವನ ತಲೆಗೆ ಮೂರು ಗುಂಡು ಹೊಡೆದಳು. ಉಳಿದವರು ತಿರುಗುವಷ್ಟರಲ್ಲಿ ರಮಾನಂದ ಮತ್ತು ದಿವಾಕರ ಬಲೆ ಎಳೆದು ಅವರನ್ನೂ ಕೆಡವಿದ್ದರು.

ಸಂದೇಶ ಕುರ್ಚಿ ಎತ್ತಿ ದಿವಾಕರನ ಬೆನ್ನಿಗೆ ಹೊಡೆದ. ಗುರುದತ್ತ ಮಗನನ್ನು ಹಿಡಿದುಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಎಂತಕ್ಕೆ ಹಾರಾಡ್ತೀಯ? ಗೆದ್ದದ್ದು ಯಾರ ಐಡಿ? ನಮ್ಮದೇ ಅಲ್ವಾ?"

ಆ ಮಾತು ನೇತ್ರಾಳ ಕಿವಿಗೆ ಬಿತ್ತು. ಅರ್ಥವಾದದ್ದು ಕುಮಟೆಗೆ ಹೋದ ಮೇಲೆ.

ಜುಲೈ ಕೊನೆಯ ಭಾನುವಾರ ನಾಲ್ವರೂ ಒಗೆದ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಹೋದರು. ನಾಗಿ ಮಗಳ ತಲೆಗೆ ಅಬ್ಬಲಿಗೆ ಮುಡಿಸಿದ್ದಳು. ಸಭಾಭವನ ತುಂಬಿತ್ತು. ಕಡಲಿಗೆ ರಜೆ, ಹಾಗಾಗಿ ಕಾಸರಕೋಡು, ಧಾರೇಶ್ವರ, ಅಘನಾಶಿನಿ, ಭಟ್ಕಳದ ಜಾಲಿಯಿಂದೆಲ್ಲ ಹುಡುಗರು ಬಂದಿದ್ದರು. ಬಾಗಿಲ ಬಳಿ ಪಟ್ಟಿ ಅಂಟಿಸಿತ್ತು. ನೇತ್ರಾ ಬೆರಳಿಟ್ಟು ಓದಿದಳು. ಗುರುದತ್ತ ಅಕಾಡೆಮಿ, ಬಿ. ಅದರ ಕೆಳಗೆ ನಾಲ್ಕು ಹೆಸರು. ಸಂದೇಶ, ಮತ್ತೆ ಅವನ ಮೂವರು ಗೆಳೆಯರು.

"ನಮ್ಮ ಹೆಸರು ಎಲ್ಲಿ?" ಎಂದು ಕೇಳಿದಳು.

"ಐಡಿ ಅದೇ, ಕೈ ಬೇರೆ," ಎಂದ ಸಂದೇಶ ಹಿಂದಿನಿಂದ.

ಜಗಳ ಜನರ ಕಣ್ಣಿಗೆ ಬೀಳಬಾರದೆಂದು ಗುರುದತ್ತ, ಸಂದೇಶ ಇಬ್ಬರೂ ಅವರನ್ನು ಭವನದ ಹಿಂದೆ ಜನರೇಟರಿನ ಬಳಿಗೆ ಕರೆದೊಯ್ದರು. ಅಲ್ಲಿ ಗುರುದತ್ತನ ಪಿಕಪ್ ನಿಂತಿತ್ತು. ಭಾಸ್ಕರ ಮತ್ತು ಇನ್ನಿಬ್ಬರು ಲೋಡರುಗಳಿದ್ದರು.

"ಆ ಆಟ ನಮ್ದು. ನಾವು ಗೆದ್ದದ್ದು," ಎಂದ ದೇವರಾಜ. "ನಾ ಸ್ಟೇಜಿಗೆ ಹತ್ತಿ ಮೈಕಿನಲ್ಲೇ ಹೇಳ್ತೆ."

ಅವನು ಎರಡು ಹೆಜ್ಜೆ ಇಟ್ಟಿರಲಿಲ್ಲ. ಲೋಡರುಗಳು ಹಿಡಿದು ನೆಲಕ್ಕೆ ಕೆಡವಿದರು. ಸಂದೇಶ ಬೂಟುಗಾಲಲ್ಲಿ ಪಕ್ಕೆಗೆ ಒದ್ದ. ಮತ್ತೆ ಒದ್ದ. ದಿವಾಕರ ಬಿಡಿಸಲು ಹೋಗಿ ದೊಣ್ಣೆಯ ಏಟು ತಿಂದು ಕುಸಿದ. "ಕೈ ಹಿಡಿ ಅವನ್ದು," ಎಂದು ಸಂದೇಶ ಭಾಸ್ಕರನಿಗೆ ಹೇಳಿದ. ಭಾಸ್ಕರ ಹಿಂಜರಿದ. "ಹಿಡಿ ಅಂದೆ!" ಭಾಸ್ಕರ ದೇವರಾಜನ ಬಲಗೈಯನ್ನು ಕಲ್ಲುಚಪ್ಪಡಿಯ ಮೇಲೆ ಒತ್ತಿ ಹಿಡಿದ. ಸಂದೇಶ ಪಿಕಪ್ಪಿನಿಂದ ಐಸಿನ ಕೊಕ್ಕೆ ತೆಗೆದು, ಅದರ ಹಿಡಿಯಿಂದ ಹೆಬ್ಬೆರಳ ಮೇಲೆ ಬಡಿದ. ಕಟಕ್ಕೆಂದಿತು. ಎರಡನೆಯ ಏಟಿಗೆ ಉಗುರು ಎದ್ದು ರಕ್ತ ಚಿಮ್ಮಿತು. ದೇವರಾಜನ ಕೂಗನ್ನು ಜನರೇಟರು ನುಂಗಿತು.

"ಸಾಕು," ಎಂದ ಗುರುದತ್ತ, ಮಗನಿಗೆ. ಆಮೇಲೆ ರಮಾನಂದನ ಹೆಗಲ ಮೇಲೆ ಕೈಯಿಟ್ಟ. "ನೋಡು ರಮಾನಂದ, ನನಗೂ ನ್ಯಾಯ ಗೊತ್ತು. ನೀವು ಮೂವರು ಬನ್ನಿ. ನಾಲ್ಕನೆಯವ ಸಂದೇಶ. ಈ ಹುಡುಗಿಯ ಹೆಸರೂ ಕರೆಸ್ತೇನೆ. ನಾಡಿದ್ದು ಬೋಟಿನ ಚುಕ್ಕಾಣಿಯೂ ನಿನ್ನದೇ. ಅವನನ್ನ ಇಲ್ಲೇ ಬಿಡಿ, ಭಾಸ್ಕರ ಆಸ್ಪತ್ರೆಗೆ ಹಾಕ್ತಾನೆ."

ಒಳಗೆ ಮೈಕಿನಲ್ಲಿ ತಂಡಗಳನ್ನು ಕರೆಯುತ್ತಿದ್ದರು. ನೇತ್ರಾಳಿಗೆ ಕೇಳುತ್ತಿತ್ತು. ಒಂದು ಮಾತು ಹೂಂ ಅಂದರೆ ಸಾಕು, ಅವಳ ಹೆಸರೂ ಅಲ್ಲಿ ಕೇಳುತ್ತದೆ. ಅವಳು ಅಣ್ಣನನ್ನು ನೋಡಿದಳು. ಅವನು ಚಪ್ಪಡಿಯಿಂದ ಕೈ ಎಳೆದುಕೊಂಡು ಮೊಣಕೈಯ ಮೇಲೆ ತೆವಳುತ್ತಿದ್ದ.

"ಮಾವಾ, ಬೋಟು ತಿರುಗ್ಸು," ಎಂದಳು.

ರಮಾನಂದ ಹೆಗಲ ಮೇಲಿನ ಕೈ ಕೊಡವಿದ. ಹಿಂದಿನ ಬಾಗಿಲನ್ನು ಒದ್ದು ತೆರೆದ. ಎರಡು ಮಾರು ಎತ್ತರದ ಅಲೆಯ ಮೇಲೆ ಆರು ಬೋಟಿಗೆ ಕೇಳಿಸಿದ ಗಂಟಲು ಅದು.

"ಆಳು ನೀರಿಗೇ! ಆಳು ನೀರಿಗೇ!"

ಭವನದೊಳಗೆ ಕುರ್ಚಿಗಳು ಉರುಳಿದವು. ಏನು, ಯಾರು ಎಂದು ಒಬ್ಬನೂ ಕೇಳಲಿಲ್ಲ. ಧಾರೇಶ್ವರದವರು ಎದ್ದರು, ಅಘನಾಶಿನಿಯವರು ಎದ್ದರು. ವೇದಿಕೆಯ ಮೇಲಿದ್ದ ಜಾಲಿಯ ತಂಡದವರು ಹೆಡ್‌ಫೋನು ಕಿತ್ತೆಸೆದು ಮೇಜು ಹಾರಿ ಬಂದರು. ಹಿಂದಿನ ಬಾಗಿಲಿನಿಂದ ಹೊರಗೆ ನುಗ್ಗಿದವರು ರಕ್ತ ಕಂಡರು. ದೊಣ್ಣೆ ಹಿಡಿದ ಲೋಡರುಗಳನ್ನು ಗೋಡೆಗೆ ಒತ್ತಿ ಬಡಿದರು. ಪಿಕಪ್ಪಿನ ಗಾಜು ಪುಡಿಯಾಯಿತು. ಯಾರೋ ಗುರುದತ್ತನ ಬಾಯಿಗೆ ಗುದ್ದಿದರು. ಅವನು ಹಲ್ಲು ಉಗುಳಿ ಕೂತ.

ಸಂದೇಶ ಕೊಕ್ಕೆ ಬೀಸುತ್ತ ಹಿಂದೆ ಸರಿದ. ನೇತ್ರಾ ಅದರ ಹಿಡಿಯನ್ನು ಗಪ್ಪೆಂದು ಹಿಡಿದು ತಿರುಚಿದಳು. ದಿನವೂ ಹಿಡಿಯುವ ವಸ್ತು ಅದು, ಅವಳ ಕೈಗೆ ತಾನೇ ಬಂತು. ಕೊಕ್ಕೆಯನ್ನು ಅವನ ಬೆಲ್ಟಿಗೆ ಸಿಕ್ಕಿಸಿ ಎಳೆದಳು. ಬಾಗಿಲು ದಾಟಿ, ಭವನದ ನುಣುಪು ನೆಲದ ಮೇಲೆ, ಉರುಳಿದ ಕುರ್ಚಿಗಳ ನಡುವೆ ವೇದಿಕೆಯವರೆಗೂ ಎಳೆದು ತಂದಳು. ಅವನು ಐಸಿನ ಗಡ್ಡೆಗಿಂತ ಹಗುರವಾಗಿದ್ದ.

"ಈಗ ಹೇಳು. ಹೊನ್ನಾವರದಲ್ಲಿ ಗೆದ್ದದ್ದು ಯಾರು?" ಎಂದು ಮೈಕನ್ನು ಅವನ ಬಾಯಿಗೆ ಹಿಡಿದಳು.

ಅವನ ಮೂಗಿನಿಂದ ರಕ್ತ ಇಳಿಯುತ್ತಿತ್ತು. "ನೀವು," ಎಂದ. ಸ್ಪೀಕರಿನಲ್ಲಿ ಅದು ಭವನಕ್ಕೆಲ್ಲ ಕೇಳಿತು.

ಪೊಲೀಸರು ಬಂದಾಗ ದೇವರಾಜನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿಯಾಗಿತ್ತು. ಗುರುದತ್ತ ಬಾಯಿಗೆ ಕರ್ಚೀಫು ಒತ್ತಿಕೊಂಡು ಸಾಹೇಬರ ಕಿವಿಯಲ್ಲಿ ಮಾತಾಡಿದ. ಸಾಹೇಬರು ತಲೆಯಾಡಿಸಿ ಪೇದೆಗೆ ಹೇಳಿದರು, "ಗಲಾಟೆ ಮಾಡಿದವರ ಹೆಸರು ಬರೆದುಕೋ." ಹೆಬ್ಬೆರಳು ಮುರಿಸಿಕೊಂಡವನ ಹೆಸರು ಯಾರೂ ಕೇಳಲಿಲ್ಲ. ಮುರಿದವನ ಹೆಸರೂ ಯಾರೂ ಕೇಳಲಿಲ್ಲ.

ಪೇದೆ ನೇತ್ರಾಳ ಮುಂದೆ ನಿಂತ. "ನಿನ್ನದೇನು?"

"ನೇತ್ರಾ," ಎಂದಳು. ಅವನು ಬರೆಯುವುದನ್ನು ನೋಡಿದಳು. "ತ್ರಾ ದೀರ್ಘ. ಸರಿಯಾಗಿ ಬರೀರಿ. ಅಲ್ಲಿ ಬೇರೆ ಯಾರ ಹೆಸರೂ ಹಾಕೂಕಾಗ."

"ರಮಾನಂದ, ತಾಂಡೇಲ. ಅದನ್ನೂ ಬರೀರಿ. ನಾಡಿದ್ದು ಇವರ ಬೋಟಿಗೆ ಹತ್ತೂದಿಲ್ಲ ಅಂತ್ಲೂ ಬರೀರಿ."

"ದಿವಾಕರ."

ಪೇದೆ ಪುಸ್ತಕ ಮುಚ್ಚಲು ಹೋದ. ಧಾರೇಶ್ವರದವನೊಬ್ಬ ಮುಂದೆ ಬಂದ. "ನಂದು ಬಿಟ್ಟು ಹೋತು." ಅವನ ಹಿಂದೆ ಜಾಲಿಯ ನಾಲ್ವರು ಸಾಲಾಗಿ ನಿಂತರು. ಅವರ ಹಿಂದೆ ಅಘನಾಶಿನಿಯವರು. ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. ನಡುವೆ ಎಲ್ಲೋ ಊದಿದ ಕಣ್ಣು, ಹರಿದ ಅಂಗಿಯ ಭಾಸ್ಕರನೂ ನಿಂತಿದ್ದ. ಅವನ ಸರದಿ ಬಂದಾಗ ತನ್ನ ಹೆಸರು ಹೇಳಿದ.

"ಕೈ ಒತ್ತಿ ಹಿಡಿದಂವ ನಾನೇ," ಎಂದ. "ಹಿಡಿ ಅಂದಂವ ಯಾರು ಅಂತ್ಲೂ ಹೇಳ್ತೆ. ಬರ್ಕಳಿ."

ಪೇದೆ ಸಾಹೇಬರ ಮುಖ ನೋಡಿದ. ಸಾಹೇಬರು ಗುರುದತ್ತನ ಮುಖ ನೋಡಿದರು.

"ಬರೀರಿ," ಎಂದಳು ನೇತ್ರಾ.