ಮೊದಲ ತಿಳಿನೀರು

"ಹಿಟ್ಟು ಕಲಸಾಕ ಬರಂಗಿಲ್ಲಂದ್ರ ಹೋಗಿ ಸಗಣಿ ಕುಳ್ಳು ತಟ್ಟು ನಡಿ, ಜಂಬಿ. ನಿನ್ನೌನ, ಮಷೀನು ಖಾಲಿ ತಿರಗಾಕತ್ತೇತಿ."

ಮೂಗಿಗೆ ಕರ್ಚೀಫು ಹಿಡಿದು ದೂರದಿಂದಲೇ ಬೈದ, ನೀರು ಸೋಸುವ ಗುಳಿಗೆಯ ಕಾರ್ಖಾನೆಯ ಮಾಲೀಕ ಕೊಟ್ರಬಸಪ್ಪನ ಕಡೆ ಜಂಬಮ್ಮ ತಲೆ ಎತ್ತಿ ನೋಡಲಿಲ್ಲ. ಮಗನ ವಯಸ್ಸಿನವನ ಬಾಯಲ್ಲಿ ಜಂಬಿ ಅನ್ನಿಸಿಕೊಳ್ಳುವುದು ಹನ್ನೊಂದು ವರ್ಷದಲ್ಲಿ ಕಿವಿಗೆ ಅಭ್ಯಾಸವಾಗಿತ್ತು. ಎದೆಗೆ ಇನ್ನೂ ಆಗಿರಲಿಲ್ಲ.

ಕಲ್ಲಿದ್ದಲ ಪುಡಿ, ಕಂಪ್ಲಿಯ ಗಿರಣಿಗಳ ಭತ್ತದ ಹೊಟ್ಟು ಸುಟ್ಟ ಕರಿ, ಕಬ್ಬಿನ ಸಿಪ್ಪೆಯ ಕರಿ, ಅಂಟಿಗೆ ಕಾಕಂಬಿ. ಮೊಣಕೈವರೆಗೆ ಅದರಲ್ಲಿ ಮುಳುಗಿ ಅವಳು ಮುಷ್ಟಿ ಕಟ್ಟಿ ಬಿಡಿಸುತ್ತಿದ್ದಳು. ಬೆರಳಿನ ಅಚ್ಚು ನಿಂತು, ಬಿರುಕು ಬಿಡದಿದ್ದರೆ ಹದ. ಆ ಹಿಟ್ಟನ್ನು ಮಷೀನು ಶಾವಿಗೆಯ ಹಾಗೆ ಒತ್ತಿ ಗುಳಿಗೆಗಳಾಗಿ ಕತ್ತರಿಸುತ್ತದೆ. ಒಣಗಿಸಿ, ಗಾಳಿಯಾಡದ ಭಟ್ಟಿಯಲ್ಲಿ ಸುಟ್ಟು, ಕೆಂಪಾದಾಗ ಹಬೆ ಹಾಯಿಸಿದರೆ ಒಳಗೆ ಕಣ್ಣಿಗೆ ಕಾಣದ ಸಾವಿರಾರು ತೂತುಗಳಾಗುತ್ತವಂತೆ. ನೀರಿನ ಹೊಲಸನ್ನೆಲ್ಲ ಅವೇ ಹೀರಿಕೊಳ್ಳುತ್ತವಂತೆ. ಜಂಬಮ್ಮ ತೂತು ಕಂಡವಳಲ್ಲ, ಹದ ಬಲ್ಲವಳು. ಅವಳು ಕಲಸಿದ ಗುಳಿಗೆ ಒಂದೂ ಒಡೆಯುವುದಿಲ್ಲ ಎಂದು ಭಟ್ಟಿ ಕಾಯುವ ಭರಮಣ್ಣನೇ ಹೇಳುತ್ತಿದ್ದ. ಹೇಳುತ್ತಿದ್ದ ಅಷ್ಟೆ, ಅವಳ ಕೊಡದ ನೀರು ಮಾತ್ರ ಕುಡಿಯುತ್ತಿರಲಿಲ್ಲ.

ಗಂಡ ಸತ್ತ ಮೇಲೆ ಅವಳೊಂದಿಗೆ ದಿನಕ್ಕೆ ನಾಲ್ಕು ಮಾತಾಡುವವರೂ ಇರಲಿಲ್ಲ. ಉಳಿದ ಹೆಂಗಸರು ಬೇವಿನ ಮರದಡಿ ಬುತ್ತಿ ಬಿಚ್ಚಿದರೆ ಇವಳದು ಚೀಲದ ರಾಶಿಯ ಹಿಂದೆ. ಹೊಸಪೇಟೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಮೈಯ ಮಸಿಗೋ, ಹುಟ್ಟಿದ ಕೇರಿಗೋ ಎಂದು ಕೇಳಿಕೊಳ್ಳುವುದನ್ನು ಬಿಟ್ಟಿದ್ದಳು. ಮಸಿಗೆ ಅಂದುಕೊಂಡರೆ ನಿದ್ದೆಯಾದರೂ ಬರುತ್ತಿತ್ತು.

ಕಡ್ಡಿರಾಂಪುರದ ದಾರಿಯಲ್ಲಿ ಕೊಟ್ರಬಸಪ್ಪ ತಾನೇ ಕಟ್ಟಿಸಿದ ಹನುಮಪ್ಪನ ಗುಡಿಗೆ ಕುಡಿಯುವ ನೀರಿನ ಫಿಲ್ಟರ್ ದಾನ ಕೊಟ್ಟ. ಆಳೆತ್ತರದ ಸ್ಟೀಲ್ ಟ್ಯಾಂಕು. ಒಳಗೆ ಇಳಿದು ಜಲ್ಲಿ, ಮರಳು, ಮೇಲೆ ಗುಳಿಗೆ ಎಂದು ಸಮನಾಗಿ ಹಾಸಬೇಕು. ಅದರ ಬಾಯಲ್ಲಿ ತೂರುವಷ್ಟು ಸಣಕಲು ಮೈ ಜಂಬಮ್ಮನದು ಮಾತ್ರ.

"ಇಕಿನ್ನ ಯಾಕ ಕರಕೊಂಡ ಬಂದ್ರಿ?" ಅರ್ಚಕ ತಿರುಮಲಾಚಾರ್ಯರು ಮೆಟ್ಟಿಲ ಮೇಲೆಯೇ ನಿಂತರು.

"ಇನ್ನೂ ನೀರು ಬಿಟ್ಟಿಲ್ರಿ ಸ್ವಾಮಿ. ಖಾಲಿ ಕಬ್ಬಿಣಕ್ಕ ಏನು ಮೈಲಿಗಿ?" ಎಂದ ಕೊಟ್ರಬಸಪ್ಪ. "ಅಕಿ ಹೋದ ಮ್ಯಾಲ ನೀವು ಶುದ್ಧಿ ಮಾಡ್ಕೋರಿ."

ಎರಡು ತಾಸು ಆ ಡಬ್ಬಿಯೊಳಗೆ ಬೆಂದು, ಕೆಮ್ಮುತ್ತ ಹೊರಬಂದ ಜಂಬಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಸಾವ್ಕಾರ್ರೆ, ಹೊಸಾ ಗುಳಿಗಿ. ಮೂರು ತಾಸು ನೀರು ಬಿಟ್ಟು ತೊಳೀಬೇಕ್ರಿ, ಕರಿ ಹೋಗಿ ತಿಳಿ ಬರೂತನಕ. ಆಮ್ಯಾಲ ಮೊದಲ್ನೇ ಲೋಟ ನಾ ಕುಡೀತೀನಿ."

ಅದು ಕಾರ್ಖಾನೆಯ ರೂಢಿ. ಕಾಕಂಬಿಯ ಕಂದು ನೀರನ್ನು ಹೊಸ ಗುಳಿಗೆಯ ಮೇಲೆ ಸುರಿದು, ತಿಳಿಯಾಗಿ ಇಳಿದದ್ದನ್ನು ಕಲಸಿದವಳೇ ಕುಡಿಯಬೇಕು. ಕುಡಿದರೆ ಮಾಲು ಲಾರಿ ಹತ್ತುತ್ತದೆ.

"ಭಕ್ತರು ಕುಡಿಯೋ ನೀರು ನೀ ಎಂಜಲ ಮಾಡ್ತೀ?" ಆಚಾರ್ಯರು ಮುಖ ಕಿವುಚಿದರು. "ತೊಳಿಯೋದು ಎಂಥಾದ್ದು? ನಾ ಮಂತ್ರ ಹೇಳಿ ಶುದ್ಧಿ ಮಾಡ್ತೀನಿ. ಹತ್ತಕ್ಕ ಮುಹೂರ್ತ ಅದ, ಹೊರಗ ನಡಿ."

ಜಂಬಮ್ಮ, ಗುಳಿಗೆಯ ಚೀಲ ಇಳಿಸಲು ಜೊತೆಗೆ ಬಂದಿದ್ದ ಭರಮಣ್ಣನ ಮುಖ ನೋಡಿದಳು. ತೊಳೆಯದಿದ್ದರೆ ಏನಾಗುತ್ತದೆಂದು ಅವನಿಗೂ ಗೊತ್ತು. ಅವನು ಕಾಲಿನ ಬೆರಳು ನೋಡಿಕೊಂಡ.

ಹತ್ತಕ್ಕೆ ಗೋಮೂತ್ರ ಚಿಮುಕಿಸಿ, ಮಂತ್ರ ಹೇಳಿ, ಹೂವಿನ ಹಾರ ಹಾಕಿದ ನಲ್ಲಿ ತಿರುಗಿಸಿದರು. ಫೋಟೋದವನು ಸಜ್ಜಾಗಿದ್ದ. ಕೊಟ್ರಬಸಪ್ಪನ ಬೆಳ್ಳಿ ಲೋಟಕ್ಕೆ ಮಸಿಯಂಥ ನೀರು ಬಿತ್ತು, ಬಿಳಿ ಅಂಗಿಗೂ ಸಿಡಿಯಿತು.

"ಸೂಳಿ, ಹದಾ ಕೆಡಿಸಿ ಹಾಕೀಯಲ್ಲ," ಎಂದು ಗೇಟಿನ ಹೊರಗೆ ನಿಂತವಳತ್ತ ಅವನು ಚೀರಿದ. "ನಾಳಿಂದ ಕಾರ್ಖಾನಿ ಕಡಿ ಕಾಲಿಡಬ್ಯಾಡ."

ಕೂಲಿ ಹೋದದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಹದ ಕೆಟ್ಟಿತೆಂಬ ಮಾತು ಬೆಂಕಿ ಇಟ್ಟಿತು. ಈ ಲೋಕದಲ್ಲಿ ಅವಳದು ಅನ್ನುವುದು ಅದೊಂದೇ ಇತ್ತು. ಅವಳು ಗೇಟು ದೂಡಿ ಒಳಗೆ ಬಂದಳು. ಜನ ಎರಡು ಪಾಲಾಗಿ ಸರಿದರು. ಹಾರ ಕಿತ್ತು ಪಕ್ಕಕ್ಕಿಟ್ಟು, ನಲ್ಲಿಯನ್ನು ಪೂರ್ತಿ ತಿರುಗಿಸಿ, ಅದರ ಮೇಲೆ ಕೈಯಿಟ್ಟು ನಿಂತಳು.

"ಎಳೀರಲೇ ಅಕಿನ್ನ," ಎಂದು ಕೊಟ್ರಬಸಪ್ಪ ಕೂಗಿದ.

ಯಾರೂ ಎಳೆಯಲಿಲ್ಲ. ಎಳೆಯಬೇಕೆಂದರೆ ಮುಟ್ಟಬೇಕಿತ್ತು.

"ಪೊಲೀಸರಿಗೆ ಫೋನ್ ಹಚ್ರಿ," ಎಂದರು ಆಚಾರ್ಯರು.

"ಬ್ಯಾಡ್ರಿ ಸ್ವಾಮಿ," ಕೊಟ್ರಬಸಪ್ಪ ಹಲ್ಲು ಕಚ್ಚಿದ. "ಜಾತಿ ನಿಂದನಿ ಕೇಸು ನಮ್ಮ ಮ್ಯಾಲೇ ಬೀಳತೈತಿ."

ನೀರು ಮೊದಲು ಮಸಿಯಾಗಿ ಹರಿಯಿತು, ಆಮೇಲೆ ಬೂದಿಯಾಗಿ. ಪ್ರಸಾದದ ಊಟಕ್ಕೆ ಕುಳಿತ ಪಂಕ್ತಿ ಎದ್ದು ಬಂದು ನೋಡಿತು. ಬಿಸಿಲು ನೆತ್ತಿಗೇರಿತು. ಅವಳ ಕೈ ಜೋಮು ಹಿಡಿಯಿತು. ಅಷ್ಟು ಜನರ ನಡುವೆ ಅವಳ ಸುತ್ತ ನಾಲ್ಕು ಮಾರು ನೆಲ ಖಾಲಿ ಇತ್ತು. ಮೂರು ತಾಸಿಗೆ ನೀರು ತಿಳಿಯಾಯಿತು. ಜಂಬಮ್ಮ ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದಳು. ಟ್ಯಾಂಕಿನ ಮೇಲಿದ್ದ ಸ್ಟೀಲ್ ಲೋಟ ತುಂಬಿಸಿ ಭರಮಣ್ಣನತ್ತ ಚಾಚಿದಳು.

"ತಗೋ ಅಣ್ಣ. ಹದ ಸರಿ ಐತಿ. ನೀನಾರ ಹೇಳು."

ಭರಮಣ್ಣ ಲೋಟ ನೋಡಿದ, ಸಾವ್ಕಾರನ ಮುಖ ನೋಡಿದ. ಅವನ ತುಟಿ ಬಿಸಿಲಿಗೆ ಒಣಗಿತ್ತು. ಕೈ ಮೇಲೇಳಲಿಲ್ಲ. ತಂಬಿಗೆ ಹಿಡಿದು ಬಂದಿದ್ದ ಜನ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದು, ರಸ್ತೆಯಾಚೆಯ ಹಳೇ ಬೋರಿನ ಸವಳು ನೀರಿಗೆ ಸಾಲು ನಿಂತರು. ತಿಳಿನೀರು ಚರಂಡಿಗೆ ಹರಿಯುತ್ತಿತ್ತು. ಜಂಬಮ್ಮ ಚಾಚಿದ ಕೈ ಇಳಿಸಲಿಲ್ಲ.