ಗುಲಾಬಿ ಮುಚ್ಚಳ

ಆಸ್ಪತ್ರೆಯಲ್ಲಿ ತಂಗಿಯನ್ನು ಎಲ್ಲರೂ ಸೊಳ್ಳೆ ಎಂದೇ ಕರೆಯುತ್ತಿದ್ದರು. ಬೈಗುಳವಲ್ಲ, ಬಿರುದು. ರಕ್ತ ತೆಗೆದದ್ದು ಅವಳು ಮುಂದಿನ ಹಾಸಿಗೆಗೆ ಹೋದ ಮೇಲೇ ತಿಳಿಯುತ್ತಿತ್ತು. ಬೆಳಗ್ಗೆ ಅವಳ ತಳ್ಳುಗಾಡಿಯ ಚಕ್ರ ವಾರ್ಡಿನ ಬಾಗಿಲಲ್ಲಿ ಕಿರುಗುಟ್ಟಿತೆಂದರೆ, "ಬಂತಪ್ಪ ಸೊಳ್ಳೆ, ತೋಳು ಮೇಲೇರಿಸಿ" ಎಂದು ಹಳೆಯ ರೋಗಿಗಳು ಹೊಸಬರಿಗೆ ಧೈರ್ಯ ಹೇಳುತ್ತಿದ್ದರು. ಅದೇ ವಾರ್ಡಿನ ಕಸ ತೆಗೆದು ನೆಲ ಒರೆಸುತ್ತಿದ್ದ ಅಕ್ಕ, ಆ ಮಾತು ಕಿವಿಗೆ ಬಿದ್ದಾಗೆಲ್ಲ ಕೈಯ ಕೋಲು ನಿಲ್ಲಿಸಿ ಒಂದು ಗಳಿಗೆ ತಂಗಿಯ ಬೆರಳುಗಳನ್ನೇ ನೋಡುವಳು.

ಆ ಬೆರಳಿನ ಹಗುರ ತನ್ನಿಂದ ಬಂದದ್ದು ಎಂದು ಅವಳ ನಂಬಿಕೆ. ತಾಯಿ ತೀರಿಕೊಂಡ ಮೇಲೆ, ಹೊಲದ ಬದುವಿನಲ್ಲಿ ಓಡಾಡಿ ಕಾಲ್ತುಂಬ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದ ಹುಡುಗಿಯನ್ನು ಹೊಸ್ತಿಲ ಮೇಲೆ ಕೂರಿಸಿ, ಹಿಮ್ಮಡಿಯನ್ನು ತನ್ನ ತೊಡೆಗೆ ಆನಿಸಿಕೊಂಡು, ಪಿನ್ನಿನ ಮೊನೆಯಿಂದ ಮುಳ್ಳು ಎಬ್ಬಿಸುತ್ತಿದ್ದವಳು ಅವಳೇ.

"ನೋಯ್ತಾ?"

"ಇಲ್ಲ."

"ಮತ್ಯಾಕೆ ಅಳ್ತಿದ್ದೀಯ?"

"ನೋಯುತ್ತೇನೋ ಅಂತ."

ಈಗಲೂ ಅಕ್ಕ ಅದನ್ನು ಹೇಳಿ ನಗುತ್ತಿದ್ದಳು. ತಂಗಿಯ ಓದು, ಕೆಲಸ, ಇಬ್ಬರೂ ಬಾಳುತ್ತಿದ್ದ ಎರಡು ಕೋಣೆಯ ಮನೆ, ಎಲ್ಲವೂ ಅಕ್ಕನ ಬೆನ್ನಿನ ಮೇಲೆಯೇ ಮೇಲೆದ್ದಿದ್ದವು.

ಅಕ್ಕನಿಗಿಂತ ಮೊದಲು ಆ ವಾರ್ಡಿನ ಕಸ ತೆಗೆಯುತ್ತಿದ್ದವಳು ಪೊರಕೆ ಅಜ್ಜಿ. ಯಾರೋ ಚೀಲಕ್ಕೆ ಎಸೆದಿದ್ದ ಸೂಜಿ ಅವಳ ಕೈಗೆ ಚುಚ್ಚಿತ್ತು. ಅಜ್ಜಿ ಚಿಂದಿ ಸುತ್ತಿಕೊಂಡು ಕೆಲಸ ಮುಂದುವರಿಸಿದಳೇ ಹೊರತು ಯಾರ ಮುಂದೆಯೂ ಉಸಿರೆತ್ತಲಿಲ್ಲ. ಬರಬರುತ್ತ ಅವಳ ಕಣ್ಣು ಅರಿಸಿನ ಹಚ್ಚಿದಂತಾಯಿತು, ಹೊಟ್ಟೆ ನೀರು ತುಂಬಿ ಉಬ್ಬಿತು. ತಾನು ದಿನಾ ಒರೆಸುತ್ತಿದ್ದ ನೆಲದ ಮೇಲಿನ ಹಾಸಿಗೆಯಲ್ಲೇ ಮಲಗಿ ಸತ್ತಳು. ಕೊನೆಗೆ ಅವಳ ಬಾಯಿಗೆ ನೀರು ಹನಿಸಿದವಳು ಅಕ್ಕ.

ಅದಾದ ಮೇಲೆ ಹೊಸ ಸೂಜಿಗಳು ಬಂದವು. ಸೂಜಿಯ ಬುಡಕ್ಕೆ ಒಂದು ಗುಲಾಬಿ ಮುಚ್ಚಳ, ಮಡಿಸಿದ ರೆಕ್ಕೆಯಂತೆ ಅಂಟಿಕೊಂಡಿರುತ್ತಿತ್ತು. ರಕ್ತ ತೆಗೆದು ಸೂಜಿ ಹೊರಗೆಳೆದ ಕೂಡಲೇ ಹೆಬ್ಬೆರಳಿನಿಂದ ತಳ್ಳಿದರೆ ಸಾಕು, ಟಕ್ಕೆಂದು ಮೊನೆಯನ್ನು ನುಂಗಿಬಿಡುತ್ತಿತ್ತು. ವಾರ್ಡಿನ ಹಿರಿಯ ನರ್ಸ್ (ದೊಡ್ಡ ಸಿಸ್ಟರ್ ಎಂದೇ ಅವರಿಗೆ ಹೆಸರು) ಕಸದವರನ್ನೂ ಸೇರಿಸಿ ಎಲ್ಲರನ್ನೂ ನಿಲ್ಲಿಸಿ, ರಬ್ಬರಿನ ತೋಳಿನ ಮೇಲೆ ತೋರಿಸಿದರು. "ಮುಚ್ಚಳ ಮುಚ್ಚದೆ ಬಿಟ್ಟವರಿಗೆ ಮಾರನೇ ದಿನದಿಂದ ಈ ಬಾಗಿಲು ಮುಚ್ಚಿರುತ್ತೆ" ಎಂದರು. ಅಕ್ಕ ಒಂದನ್ನು ಕೈಗೆ ತೆಗೆದುಕೊಂಡು ಮುಚ್ಚಿ ನೋಡಿದಳು. "ಅಜ್ಜಿ ಇರೋವಾಗ ಬರಬಾರದಾಗಿತ್ತಾ ನೀನು" ಎಂದು ಸೂಜಿಗೇ ಗದರಿದಳು.

ತಂಗಿ ಮಾತ್ರ ಮೂಗು ಮುರಿದಳು. ಸೂಜಿಯನ್ನು ಚರ್ಮಕ್ಕೆ ತೀರಾ ಒರಗಿಸಿ ನರಕ್ಕೆ ಜಾರಿಸುವುದು ಅವಳ ರೀತಿ. ಈ ಮುಚ್ಚಳ ತೋಳಿಗೆ ತಗಲಿ ಸೂಜಿಯ ಓರೆ ಕೆಡಿಸುತ್ತಿತ್ತು. "ಕೋಡು ಇಟ್ಕೊಂಡು ಮುತ್ತು ಕೊಡು ಅಂದ ಹಾಗಾಯ್ತು" ಎಂದಳು. ಕೆಲವೇ ದಿನಗಳಲ್ಲಿ ಉಪಾಯ ಕಂಡುಕೊಂಡಳು. ಚುಚ್ಚುವ ಮುನ್ನ ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ, ಅವರೆಕಾಯಿಯ ತೊಟ್ಟು ಮುರಿದಂತೆ ಕಳಚಿಕೊಳ್ಳುತ್ತಿತ್ತು.

ಒಮ್ಮೆ ಅಕ್ಕ ನೋಡಿಬಿಟ್ಟಳು. "ಯಾಕೇ ಮುರೀತೀಯ ಅದನ್ನ?"

"ಎಲ್ಲರಿಗೂ ಅಲ್ಲಕ್ಕಾ. ನರ ಸಿಗದ ಮುದುಕರಿಗೆ ಮಾತ್ರ. ಚುಚ್ಚಿ ಚುಚ್ಚಿ ಸಾಯಿಸಲಾ ಅವರನ್ನ? ಸೂಜಿ ಡಬ್ಬಿಗೆ ನಾನೇ ಹಾಕ್ತೀನಲ್ಲ."

ತಂಗಿಯ ಕೈ ಮೇಲೆ ಅಕ್ಕನಿಗೆ ಅಷ್ಟು ಭರವಸೆ. ಒರೆಸುವ ಕೋಲು ಎತ್ತಿಕೊಂಡು ಮುಂದೆ ಹೋದಳು.

ಆ ಬೆಳಗ್ಗೆ ವಾರ್ಡಿನಲ್ಲಿ ಗದ್ದಲವೆದ್ದಿತ್ತು. ಯಾರೋ ಹಾಸಿಗೆಯಿಂದ ಬಿದ್ದಿದ್ದರು, ಎಲ್ಲರೂ ಕೈಲಿದ್ದದ್ದನ್ನು ಅಲ್ಲಲ್ಲೇ ಬಿಟ್ಟು ಓಡಿದ್ದರು. ಗದ್ದಲ ಇಳಿದ ಮೇಲೆ ಅಕ್ಕ ಹತ್ತಿ, ಬ್ಯಾಂಡೇಜು ತುಂಬಿದ ಹಳದಿ ಚೀಲದ ಬಾಯಿ ಕಟ್ಟಿ ಎತ್ತಿದಳು. ಚೀಲ ತೊಡೆಗೆ ತಗುಲಿತು. ಮುಳ್ಳು ತಾಗಿದಂತಾಯಿತು. ನಿಜಕ್ಕೂ ಮುಳ್ಳೇ ಎಂದುಕೊಂಡು ಸೀರೆ ಕೊಡವಿದಳು. ಆಮೇಲೆ ಅಜ್ಜಿಯ ಚಿಂದಿ ಸುತ್ತಿದ ಕೈ ನೆನಪಾಯಿತು. ಚೀಲ ಬಿಚ್ಚಿದರೆ ಹತ್ತಿಯ ನಡುವೆ ಬೋಳು ಸೂಜಿ. ಅದರ ಬುಡದಲ್ಲಿ ತಿರುಚಿ ಮುರಿದ ಗುಲಾಬಿ ತುಣುಕು.

ದೊಡ್ಡ ಸಿಸ್ಟರ್ ತೊಡೆಯ ಗಾಯಕ್ಕೆ ನಲ್ಲಿ ನೀರು ಹರಿಸಿ, ಸೋಪು ಹಾಕಿ ತೊಳೆಸಿದರು. ಮೊದಲ ಪರೀಕ್ಷೆಗೆ ತಾವೇ ರಕ್ತ ತೆಗೆದರು. ಆಮೇಲೆ ಸೂಜಿಯನ್ನು ತಟ್ಟೆಯಲ್ಲಿಟ್ಟು ಎಲ್ಲರನ್ನೂ ಕರೆದರು.

"ಇದು ಯಾರ ಸೂಜಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇವಳಿಗೋಸ್ಕರ ಕೇಳ್ತಿದ್ದೀನಿ. ಯಾವ ರೋಗಿಯ ರಕ್ತ ಅಂತ ಗೊತ್ತಾದ್ರೆ ಅವನನ್ನ ಪರೀಕ್ಷೆ ಮಾಡಬಹುದು. ಏನೂ ಇಲ್ಲದಿದ್ರೆ ಇವಳು ನೆಮ್ಮದಿಯಾಗಿ ಮನೆಗೆ ಹೋಗ್ತಾಳೆ. ಗೊತ್ತಾಗದಿದ್ರೆ ಏಡ್ಸ್ ಬಾರದ ಹಾಗೆ ಕೊಡೋ ಆ ಕೆಟ್ಟ ಮಾತ್ರೆ ನುಂಗ್ಕೊಂಡು, ಯಾವ ಕಾಯಿಲೆಗೆ ಕಾಯ್ತಿದ್ದೀನಿ ಅಂತಾನೂ ತಿಳೀದೆ ಕಾಯಬೇಕು."

ತಂಗಿ ತಳ್ಳುಗಾಡಿಯ ಹಿಂದೆ ನಿಂತು ರಕ್ತದ ನಳಿಕೆಗಳನ್ನು ನೆಟ್ಟಗೆ ಜೋಡಿಸುತ್ತಿದ್ದಳು. ಅವು ಆಗಲೇ ನೆಟ್ಟಗಿದ್ದವು.

"ನಿನಗೇನಾದ್ರೂ ಗೊತ್ತೇನಮ್ಮಾ?" ಸಿಸ್ಟರ್ ಅಕ್ಕನತ್ತ ತಿರುಗಿದರು.

ಅಕ್ಕನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಅವಳೇ ಹೇಳಲಿ, ಅವಳ ಬಾಯಿಂದಲೇ ಬರಲಿ, ಆಗ ಸಿಸ್ಟರ್ ಮನಸ್ಸು ಕರಗೀತು ಎಂದು ಕಾದಳು. ತಂಗಿ ತಲೆ ಎತ್ತಲಿಲ್ಲ.

"ಚೀಲದೊಳಗೇ ಮುರಿದಿರಬೇಕು ಸಿಸ್ಟರ್," ಎಂದಳು ಅಕ್ಕ.

ಮಾತ್ರೆ ಶುರುವಾಯಿತು. ಬೆಳಗಿನ ಮಾತ್ರೆ ಹೊಟ್ಟೆಗಿಳಿದ ಮೇಲೆ ಮಧ್ಯಾಹ್ನದವರೆಗೆ ವಾಂತಿ. ಮನೆಯಲ್ಲಿ ಅಕ್ಕ ತನ್ನ ತಟ್ಟೆ, ಲೋಟ, ಟವೆಲ್ಲು ಬೇರೆ ಮಾಡಿಕೊಂಡಳು. ತರಕಾರಿ ಹೆಚ್ಚುವುದನ್ನು ಬಿಟ್ಟಳು, ಬೆರಳು ಕೊಯ್ದುಕೊಂಡರೆ ಎಂದು.

"ತಟ್ಟೆಯಿಂದ ಏನೂ ಬರಲ್ಲಕ್ಕಾ," ಎಂದಳು ತಂಗಿ.

"ಯಾವುದರಿಂದ ಏನು ಬರುತ್ತೆ ಅಂತ ಯಾರಿಗೆ ಗೊತ್ತು?"

ತಂಗಿ ಎದ್ದು ಹೋದಳು. ಈಗ ಅವಳೇ ಅಡುಗೆ ಮಾಡುತ್ತಿದ್ದಳು, ಅಕ್ಕನ ಬಟ್ಟೆ ಒಗೆಯುತ್ತಿದ್ದಳು, ವಾಂತಿಯ ಬಕೆಟ್ಟನ್ನು ಮುಖ ಸಿಂಡರಿಸದೆ ತೊಳೆದಿಡುತ್ತಿದ್ದಳು. ಆ ಒಂದು ಮಾತಿನ ಹೊರತು ಎಲ್ಲವನ್ನೂ ಕೊಟ್ಟಳು. ಅಕ್ಕ ಪ್ರತಿದಿನ ಆ ಮಾತಿಗೆ ಕಾದಳು. ಮುಳ್ಳನ್ನು ಅವಸರ ಮಾಡಿದರೆ ಮುರಿದು ಒಳಗೇ ಕೂತುಬಿಡುತ್ತದೆಂಬುದು ಅವಳ ಅನುಭವ. ಕಾದಷ್ಟೂ ಇದು ಇನ್ನೂ ಒಳಗಿಳಿಯಿತು.

ತಿಂಗಳಾಗುತ್ತ ಬಂದಾಗ, ಎರಡನೆಯ ಪರೀಕ್ಷೆಯ ದಿನ ರಕ್ತ ತೆಗೆಯುವ ಕೋಣೆಯಲ್ಲಿ ತಂಗಿಯೊಬ್ಬಳೇ ಇದ್ದಳು. ಅಕ್ಕ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಸೊರಗಿದ ತೋಳಿನಲ್ಲಿ ನರವೇ ಕಾಣಲಿಲ್ಲ. ತಂಗಿ ಪಟ್ಟಿ ಬಿಗಿದು, ಸವರಿ, ತಟ್ಟಿ, ಹೊಸ ಸೂಜಿ ತೆಗೆದಳು. ಎರಡು ಬೆರಳು ತಾವಾಗಿಯೇ ಮುಚ್ಚಳದ ಬುಡಕ್ಕೆ ಹೋದವು.

"ಮುರಿ," ಎಂದಳು ಅಕ್ಕ. "ನರ ಸಿಗದವರಿಗೆ ಮುರೀತೀಯಲ್ಲ."

ತಂಗಿಯ ಬೆರಳು ನಿಂತವು.

"ನಂದೇ ಸೂಜಿ ಅಂತ ಗೊತ್ತಿತ್ತಾ ನಿಂಗೆ?"

"ನಿನ್ನ ಕೈ ನನಗೆ ಗೊತ್ತಿಲ್ವೇನೇ?"

ತಂಗಿ ಮುಚ್ಚಳ ಇದ್ದಂತೆಯೇ ಚುಚ್ಚಿದಳು. ತಪ್ಪಿತು. ಮತ್ತೆ ಚುಚ್ಚಿದಳು. ಸೊಳ್ಳೆಯ ಕೈ ಹಾಗೆ ತಪ್ಪಿದ್ದನ್ನು ಆ ಕೋಣೆ ಕಂಡಿರಲಿಲ್ಲ. ಮೂರನೆಯ ಸಲ ನಳಿಕೆಗೆ ರಕ್ತ ಇಳಿಯಿತು. ಸೂಜಿ ಹೊರಗೆಳೆದು ಹೆಬ್ಬೆರಳಿನಿಂದ ಒತ್ತಿದಳು. ಟಕ್. ಅಷ್ಟೇ ಕೆಲಸ.

"ಕಿಟಕಿ ಪಕ್ಕದ ಹಾಸಿಗೆಯ ತಾತ," ಎಂದಳು, ನಳಿಕೆಯನ್ನೇ ನೋಡುತ್ತ. "ಅವತ್ತು ಅವರೊಬ್ಬರಿಗೇ ಮುರಿದಿದ್ದು. ಡಬ್ಬಿಗೆ ಹಾಕೋಣ ಅನ್ನೋಷ್ಟರಲ್ಲಿ ಎಲ್ಲರೂ ಓಡಿದ್ರು, ಹತ್ತಿ ಜೊತೆ ತಟ್ಟೇಲಿ ಬಿಟ್ಟು ನಾನೂ ಓಡಿದೆ. ಯಾರೋ ಬರೀ ಹತ್ತಿ ಅಂದ್ಕೊಂಡು ಚೀಲಕ್ಕೆ ಸುರಿದಿದಾರೆ. ಮಾರನೇ ದಿನ ಅವರ ರಿಪೋರ್ಟು ತಂದವಳೂ ನಾನೇ."

"ಏನಿತ್ತು?"

"ಅಜ್ಜಿಗೆ ಬಂದಿದ್ದೇ. ಲಿವರ್ ತಿನ್ನೋ ಕಾಮಾಲೆ." ತಂಗಿ ನಳಿಕೆಗೆ ಅಕ್ಕನ ಹೆಸರಿನ ಚೀಟಿ ಅಂಟಿಸಿದಳು. "ಚುಚ್ಚಿಸ್ಕೊಂಡವರಿಗೆಲ್ಲ ಹತ್ತಲ್ಲ ಅಂತ ಓದಿದ್ದೆ. ಹತ್ತದೇ ಇದ್ರೆ ಹೇಳೋದೇ ಬೇಡವಲ್ಲ ಅಂತ..."

"ಇಷ್ಟು ದಿನ ಮಾತ್ರೆ ನುಂಗಿದೀನಲ್ಲ."

"ಆ ಮಾತ್ರೆ ಆ ಕಾಯಿಲೆಗಲ್ಲ ಅಕ್ಕಾ."

ಅಕ್ಕ ಹತ್ತಿಯನ್ನು ತೋಳಿಗೆ ಒತ್ತಿ ಹಿಡಿದಳು. ಹೊರಗಿನ ಮೊಗಸಾಲೆಯಲ್ಲಿ ಯಾರೋ ಬಕೆಟ್ಟು ಎಳೆದುಕೊಂಡು ಹೋದರು.

"ನಾಲ್ಕು ದಿನದಿಂದ ಉಚ್ಚೆ ಕಡುಹಳದಿ ಹೋಗ್ತಿದೆ," ಎಂದಳು ಅಕ್ಕ. "ಮಾತ್ರೆಯ ಬಣ್ಣ ಅಂದ್ಕೊಂಡಿದ್ದೆ."

ತಂಗಿ ಕೈಗವಸು ಕಿತ್ತೆಸೆದಳು. ಅಕ್ಕನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು. ಬಹಳ ಹೊತ್ತು ನೋಡಿದಳು. ಅಜ್ಜಿಯ ರೆಪ್ಪೆಯನ್ನು ಅಕ್ಕನೂ ಹೀಗೆಯೇ ಎಳೆದು ನೋಡಿದ್ದಳು. ಅಳು ಬಿಗಿಹಿಡಿದಿದ್ದ ತಂಗಿಯ ಮುಖ ಅವಳಿಗೆ ಉತ್ತರ ಹೇಳಿಯಾಗಿತ್ತು.

"ಸಿಸ್ಟರ್ ಹತ್ರ ಹೋಗಿ ಹೇಳು," ಎಂದಳು ಅಕ್ಕ.

"ಕೆಲಸ ಹೋಗುತ್ತೆ."

"ಹೋಗಲಿ. ಇದಕ್ಕೇನಾದ್ರೂ ಮದ್ದಿದ್ರೆ ಇವತ್ತಿಂದಾದ್ರೂ ಕೊಡಲಿ."

ತಂಗಿ ನಳಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟಳು. ತೆರೆದ ಬಾಗಿಲಲ್ಲಿ ಅಕ್ಕ ಅವಳ ಬೆನ್ನನ್ನೇ ನೋಡುತ್ತಿದ್ದಳು. ದೊಡ್ಡ ಸಿಸ್ಟರ್ ಕೋಣೆಯ ಮುಂದೆ ಅವಳು ನಿಂತಳು. ಒಳಗೆ ಹೋಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ. ಅಕ್ಕ ಎದ್ದು, ಗೋಡೆ ಹಿಡಿದುಕೊಂಡು ಮೆಲ್ಲಗೆ ನಡೆದು ಹೋಗಿ, ಅವಳ ಪಕ್ಕದಲ್ಲಿ ನಿಂತು, ತಾನೇ ಬಾಗಿಲು ಬಡಿದಳು.